ಲಾಭಕ್ಕೆ ಹೋದ ಸೇರು

ಮೊಮ್ಮಕ್ಕಳೇ, ನಾನು ಚಿಕ್ಕವಳಿದ್ದಾಗ ನಿಮ್ಮಷ್ಟೇ ತುಂಟಿ, ಆದರೆ ನಿಮಗಿಂತ ಒಂದು ರೊಟ್ಟಿ ಹೆಚ್ಚು ತಿನ್ನುವವಳು. ಆ ಒಂದು ರೊಟ್ಟಿ ಸಿಗುತ್ತಿದ್ದುದು ಮಾತ್ರ ಅಪರೂಪ. ನೀವು ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದಾಗ ನಾನು ಸುಮ್ಮನೆ ಗದರುತ್ತೇನೆ ಅಂದುಕೊಂಡಿದ್ದೀರಿ. ಸುಮ್ಮನೆ ಅಲ್ಲ, ನನ್ನೊಳಗಿನ ಆ ಹುಡುಗಿಗೆ ಇನ್ನೂ ಹಸಿವಾಗುತ್ತದೆ.

ನಮ್ಮ ಊರು ಬಬಲೇಶ್ವರದಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಸುತ್ತ ಕಣ್ಣು ಹಾಯಿಸಿದಷ್ಟೂ ಕಪ್ಪು ಎರೆಹೊಲ. ಚಳಿಗಾಲದಲ್ಲಿ ಬಿಳಿಜೋಳ ಅಪ್ಪನ ತಲೆಗಿಂತ ಎತ್ತರ ನಿಲ್ಲುತ್ತಿತ್ತು. ಅದರಲ್ಲಿ ಒಂದು ದಂಟೂ ನಮ್ಮದಲ್ಲ. ಅಪ್ಪ ಊರಿನ ಸಾವಕಾರನ ಮನೆಯಲ್ಲಿ ವರ್ಷದ ಆಳು. ವರ್ಷದ ಪಗಾರವನ್ನು ಮೊದಲೇ ಇಸಿದುಕೊಂಡು, ಅದು ತೀರುವ ತನಕ ದುಡಿಯುವವನು. ಅವ್ವ ಸುಗ್ಗಿಯಲ್ಲಿ ಅದೇ ಸಾವಕಾರನ ಕಣಕ್ಕೆ ಕೂಲಿಗೆ ಹೋಗುತ್ತಿದ್ದಳು. ಅಕ್ಕ ಏಳನೆಯ ತರಗತಿಯಲ್ಲಿ ಓದುತ್ತಿದ್ದಳು. ನಾನು ಅಕ್ಕನ ಬಾಲ, ಅವಳು ಹೋದಲ್ಲಿ ನಾನೂ ಹಾಜರು.

ಕಣವನ್ನು ನೀವು ನೋಡಿಲ್ಲ. ಹೊಲದಲ್ಲೇ ಒಂದು ಜಾಗ ಕೆತ್ತಿ, ನೀರು ಹೊಡೆದು, ಸಗಣಿ ಸಾರಿಸಿ, ನಮ್ಮ ಪಡಸಾಲೆಯ ಹಾಗೆ ನುಣ್ಣಗೆ ಮಾಡುತ್ತಿದ್ದರು. ಅಲ್ಲಿ ಹೆಂಗಸರು ಸಾಲಾಗಿ ಕುಳಿತು ದಂಟಿನಿಂದ ತೆನೆ ಮುರಿಯುತ್ತಿದ್ದರು. ಎತ್ತುಗಳು ಆ ತೆನೆಯನ್ನು ಸುತ್ತಿ ಸುತ್ತಿ ತುಳಿಯುತ್ತಿದ್ದವು. ಗಾಳಿ ಬಂದಾಗ ಎತ್ತರದಲ್ಲಿ ನಿಂತು ಬುಟ್ಟಿಯಿಂದ ಕಾಳು ತೂರಿದರೆ ಹೊಟ್ಟು ಅತ್ತ ಹಾರಿ ಕಾಳು ಇತ್ತ ಬೀಳುತ್ತಿತ್ತು. ಹಾಗೆ ಬಿದ್ದ ಕಾಳಿನ ಗುಡ್ಡೆಯೇ ರಾಶಿ. ಅದರ ಹತ್ತಿರ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ರಾಶಿ ಅಳೆಯುವಾಗ ಮಾತಾಡುವಂತಿಲ್ಲ. ಮಾತಾಡಿದರೆ ಹುಲುಸು ಹೋಗುತ್ತದೆ ಎಂದು ದೊಡ್ಡವರು ತುಟಿಯ ಮೇಲೆ ಬೆರಳಿಡುತ್ತಿದ್ದರು.

ಇನ್ನೊಂದು ಪದ್ಧತಿ ಇತ್ತು. ಕಾಳು ಅಳೆಯುವಾಗ ಮೊದಲನೆಯ ಸೇರಿಗೆ ನಮ್ಮ ಕಡೆ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಲಾಭ, ಎರಡು, ಮೂರು, ಹೀಗೆ ಎಣಿಕೆ. ಒಳ್ಳೆಯ ಮಾತಿನಿಂದ ಶುರುವಾಗಲಿ ಎಂಬ ಆಸೆ, ಅಷ್ಟೇ. ಎಷ್ಟು ಚಂದದ ಪದ್ಧತಿ ನೋಡಿ! ಅದನ್ನೇ ಸಾವಕಾರ ನಮ್ಮ ಹೊಟ್ಟೆಯ ಮೇಲೆ ಹೊಡೆಯಲು ಬಳಸಿದ.

ಆಗ ಕೂಲಿ ಎಂದರೆ ದುಡ್ಡಲ್ಲ, ಜೋಳ. ಸುಗ್ಗಿ ಮುಗಿದ ಮೇಲೆ ಸಾವಕಾರ ಒಬ್ಬೊಬ್ಬರ ಕೂಲಿಯನ್ನು ಒಮ್ಮೆಗೇ ಅಳೆಯುತ್ತಿದ್ದ. ಮೊದಲನೆಯ ಸೇರು ತುಂಬಿ, "ಲಾಭ" ಎಂದು ಕೂಗಿ, ಅದನ್ನು ತಿರುಗಿ ರಾಶಿಗೇ ಸುರಿಯುತ್ತಿದ್ದ. "ಲಾಭ ರಾಶೀದು, ಲಕ್ಷ್ಮೀ ಪಾಲು" ಎನ್ನುತ್ತಿದ್ದ. ಕೊಡುವುದು ಎರಡನೆಯದರಿಂದ. ವರ್ಷಕ್ಕೊಂದು ಸೇರು ತಾನೇ, ದೇವರ ಹೆಸರಿನಲ್ಲಿ ಹೋಗಲಿ ಎಂದು ಹೆಂಗಸರು ಸುಮ್ಮನಿದ್ದರು. ಆ ವರ್ಷ ಅವನಿಗೆ ಹೊಸ ಬುದ್ಧಿ ಬಂತು. "ನಿಮಗೂ ಅನುಕೂಲ ಆಗ್ಲಿ, ಇನ್ನ ದಿನಾ ಸಂಜೀಕೆ ಅಳದು ಕೊಡ್ತೀನಿ" ಅಂದ. ಪುಣ್ಯಾತ್ಮ ಎಂದು ಎಲ್ಲರೂ ಹಿಗ್ಗಿದರು. ಸಂಜೆ ಅಳೆದಾಗ ಗೊತ್ತಾಯಿತು, ಈಗ ಲಾಭವೂ ದಿನಾ ರಾಶಿಗೆ ಹೋಗುತ್ತದೆ. ಮೂರು ಸೇರಿನ ಕೂಲಿಗೆ ಉಡಿಗೆ ಬೀಳುವುದು ಎರಡೇ. ಇದು ಅನ್ಯಾಯ ಎಂದು ತಿಳಿಯದ ಒಬ್ಬ ಹೆಂಗಸೂ ಅಲ್ಲಿರಲಿಲ್ಲ. ದಾರಿಯುದ್ದಕ್ಕೂ ಬೈಯುವರು, ಮರುದಿನ ಮತ್ತೆ ಉಡಿ ಒಡ್ಡುವರು. ಬೇರೆ ಕಣಗಳಿಗೆ ಹೋಗೋಣವೆಂದರೆ ಅವೂ ಸಾವಕಾರನ ಅಣ್ಣತಮ್ಮಂದಿರವೇ.

ಅದೇ ಹೊತ್ತಿಗೆ ಅಕ್ಕನ ಮುಲ್ಕಿ ಪರೀಕ್ಷೆ ಬಂತು. ಏಳನೆಯ ತರಗತಿಯವರಿಗೆ ಬಬಲೇಶ್ವರದಲ್ಲಿ ನಡೆಯುವ ದೊಡ್ಡ ಪರೀಕ್ಷೆ. ಅದರಲ್ಲಿ ಪಾಸಾದವರಿಗೆ ಆಗ ಊರಲ್ಲಿ ಭಾರಿ ಕಿಮ್ಮತ್ತು. ಅಕ್ಕ ಪಾಠವನ್ನು ಬೀಸುವ ಕಲ್ಲಿನ ಮುಂದೆ, ಬಾವಿಯ ದಾರಿಯಲ್ಲಿ, ನನ್ನ ತಲೆ ಬಾಚುವಾಗ ಕೂಡ ಹೇಳಿಕೊಳ್ಳುತ್ತಿದ್ದಳು. ಅವಳ ಪದ್ಯಗಳೆಲ್ಲ ನನಗೂ ಬಾಯಿಪಾಠ ಆಗಿದ್ದವು.

"ಯವ್ವಾ, ಪರೀಕ್ಷಾ ಪೀಜು ಈ ವಾರದಾಗ ಕಟ್ಟಬೇಕಂತ ಮಾಸ್ತರ್ರು ಹೇಳ್ಯಾರ" ಎಂದು ಅಕ್ಕ ಅಳುಕುತ್ತಲೇ ಕೇಳಿದಳು.

ಅವ್ವ ಒಲೆಗೆ ಕಟ್ಟಿಗೆ ಸರಿಸಿದಳು. "ನನ್ನ ಕೂಡ ಕಣಕ್ಕ ಬಾ. ಹುಡುಗೂರಿಗೆ ದಿನಕ್ಕೊಂದು ಸೇರು ಕೊಡ್ತಾರ. ನಿನ್ನ ಜ್ವಾಳ ನಾವು ಮುಟ್ಟೂದು ಬ್ಯಾಡ. ಸಂತ್ಯಾಗ ಮಾರಿ ಪೀಜು ಕಟ್ಟೂನು" ಅಂದಳು.

ಮರುದಿನ ಬೆಳಗಿನ ಚಳಿಯಲ್ಲೇ ಮೂವರೂ ಹೊರಟೆವು. ಅವ್ವನ ತಲೆಯ ಮೇಲೆ ಬುತ್ತಿ, ಅದರಲ್ಲಿ ಒಣಗಿಸಿದ ಕಟಿರೊಟ್ಟಿ, ಖಾರ, ಉಳ್ಳಾಗಡ್ಡಿ. ಅಕ್ಕ ಹಬ್ಬಕ್ಕೆ ಹೋಗುವವಳ ಹಾಗೆ ಮುಂದೆ ಮುಂದೆ ನಡೆದಳು. ಆ ದಿನ ಅವಳು ಮುರಿದ ತೆನೆ ನೋಡಿ ನಾವು ಖಾಲಾ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಮುಸ್ಲಿಂ ಚಿಕ್ಕಮ್ಮ, "ಏನ್ ಕೈ ಅದಾವ ಈಕೀವು!" ಎಂದು ಬೆರಗಾದಳು. ಜೋಳದ ಸುಂಕು ಅಂದರೆ ತೆನೆಯಿಂದ ಏಳುವ ನವುರಾದ ಧೂಳು. ಅದು ಕೊರಳಿಗೆ, ಕಂಕುಳಿಗೆ ಹತ್ತಿದರೆ ಚರ್ಮ ಕಿತ್ತುಕೊಳ್ಳುವಷ್ಟು ತುರಿಕೆ. ನಾನು ಕೆರೆದುಕೊಂಡು ಅಳುತ್ತಿದ್ದೆ. ಅಕ್ಕನ ಕುತ್ತಿಗೆ ಕೆಂಪಾಗಿ ಉಬ್ಬಿದ್ದರೂ ಅವಳು ಕೈ ನಿಲ್ಲಿಸಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು, ಪದ್ಯ ಹೇಳಿಕೊಳ್ಳುತ್ತಿದ್ದಳು.

ಸಂಜೆ ಗಾಳಿ ತಣ್ಣಗಾಯಿತು. ಅಪ್ಪ ತೂರುವುದು ಮುಗಿಸಿ, ಖಾಲಿ ಬುಟ್ಟಿ ಹಿಡಿದು ರಾಶಿಯ ಆಚೆ ನಿಂತ. ಸಾವಕಾರ ಸೇರು ಹಿಡಿದು ಕುಳಿತ. ಎಲ್ಲರ ಬಾಯಿ ಕಟ್ಟಿತು. ಅವ್ವನ ಸರದಿ ಬಂದಾಗ ಲಾಭ ರಾಶಿಗೆ ಹೋಯಿತು, ಎರಡು, ಮೂರು ಅವಳ ಉಡಿಗೆ ಬಿದ್ದವು. ಆಮೇಲೆ ಅಕ್ಕ ಬಂದು ಲಂಗದ ಅಂಚು ಎರಡೂ ಕೈಯಲ್ಲಿ ಹಿಡಿದು ಉಡಿ ಒಡ್ಡಿದಳು.

ಸಾವಕಾರ ಸೇರು ತುಂಬಿದ. "ಲಾಭ" ಎಂದ. ರಾಶಿಗೆ ಸುರಿದ. "ಹೂಂ, ಮುಂದಿನಾಕಿ ಬಾ" ಎಂದ.

ಅಕ್ಕ ಕದಲಲಿಲ್ಲ. ಖಾಲಿ ಉಡಿ ಒಡ್ಡಿಕೊಂಡೇ ನಿಂತಿದ್ದಳು. ಪಾಪ, ಅವಳು 'ಎರಡು' ಅನ್ನುವುದನ್ನು ಕಾಯುತ್ತಿದ್ದಳು. ಅವಳ ಕೂಲಿ ಇದ್ದದ್ದೇ ಒಂದು ಸೇರು ಎಂಬುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆದಿರಲಿಲ್ಲ. ಮಕ್ಕಳ ಒಂದೇ ಸೇರಿಗೂ ಅವನು ಲಾಭ ಹಿಡಿದಾನು ಎಂದು ಅವ್ವನೂ ಎಣಿಸಿರಲಿಲ್ಲ.

"ಯಾಕ ನಿಂತಿ? ನಿಂದು ಲಾಭಕ್ಕ ಹೋತು" ಎಂದು ಸಾವಕಾರ ನಕ್ಕ. ಅವನು ನಕ್ಕನೆಂದು ಒಂದಿಬ್ಬರು ಹೆಂಗಸರೂ ನಕ್ಕರು. ಅಕ್ಕನ ಮುಖ ನೋಡಲಾಗಲಿಲ್ಲ ನನಗೆ.

ಅವ್ವ ಎದ್ದು ಬಂದಳು. ರಾಶಿಯ ಮುಂದೆ ಯಾರೂ ಮಾತಾಡಬಾರದಲ್ಲ, ಅವ್ವ ಮಾತಾಡಿದಳು. "ಸಾವಕಾರ್ರ, ನಿಮ್ಮ ಲಾಭ ನಿಮಗ ಇರಲ್ರಿ. ನನ್ನ ಮಗಳಿಗೆ ಒಂದು ಅನ್ರಿ."

"ಏನಂದಿ?"

"ಒಂದು ಅನ್ರಿ ಅಂದೆ. ಹುಡುಗಿ ಮುಂಜಾನಿಂದ ನಡಾ ನೆಟ್ಟಗ ಮಾಡಿಲ್ಲ. ಲಾಭ ಅಂದ್ರ ರಾಶಿಗೆ ಹೋಗ್ತೈತಿ. ಒಂದು ಅಂದ್ರ ಆಕಿ ಉಡಿಗೆ ಬೀಳ್ತೈತಿ."

ಸಾವಕಾರ ಸೇರನ್ನು ಕೆಳಗಿಟ್ಟ. ತಿರುಗಿ ಅಪ್ಪನನ್ನು ನೋಡಿದ. "ಲೇ, ನಿನ್ನ ಹೆಂಡತಿಗೆ ಬಾಯಿ ಬಂದೈತಲ್ಲೋ! ರಾಶಿ ಮುಂದ ಅಪಶಕುನ ನುಡಿಯಾಕತ್ತಾಳ."

ಅಪ್ಪ ಬುಟ್ಟಿಯನ್ನು ಎದೆಗೆ ಒತ್ತಿ ಹಿಡಿದ. ಸಾವಕಾರನ ಕಡೆ ತಿರುಗುತ್ತಾನೆ ಅಂದುಕೊಂಡೆ. ತಿರುಗಿದ್ದು ಅವ್ವನ ಕಡೆ. "ಸುಮ್ಕಿರ ಬೇ. ಮನೀಗಿ ನಡಿ" ಅಂದ. ಅಷ್ಟು ಸಣ್ಣ ದನಿ ಅಪ್ಪನದು ಎಂದು ನಂಬಲು ನನಗೆ ಆಗಲಿಲ್ಲ.

ಅವ್ವ ಹೆಂಗಸರತ್ತ ನೋಡಿದಳು. "ನೀವರ ಹೇಳ್ರೆವಾ. ನಿಮ್ಮ ಸೇರೂ ಅಲ್ಲೇ ಬಿದ್ದಾವಲ್ಲ?"

ಒಬ್ಬಳು ಸೆರಗು ಕೊಡವಿಕೊಂಡಳು. ಒಬ್ಬಳು ಮಗುವಿನ ಮೂಗು ಒರೆಸಿದಳು. ಖಾಲಾ ನೆಲ ನೋಡುತ್ತ ಕುಳಿತಳು. ದಾರಿಯುದ್ದಕ್ಕೂ ಬೈಯುತ್ತಿದ್ದ ಬಾಯಿಗಳು ಅವೇ.

ಸಾವಕಾರ ಸೇರನ್ನು ರಾಶಿಗೆ ಚುಚ್ಚಿ ಎತ್ತಿದ, ಕೈಯಿಂದ ಮಟ್ಟ ಸವರಿದ. "ತಗೋ, ಒಂದು!" ಎಂದು ಅಕ್ಕನ ಉಡಿಗೆ ಎಸೆದ ಹಾಗೆ ಸುರಿದ. ಅರ್ಧ ಹಿಡಿ ಹೊರಗೆ ಚೆಲ್ಲಿತು. "ಇದೇ ಕಡೀದು. ನಾಳಿಂದ ಅವ್ವ ಮಗಳು ಈ ಕಣಾ ತುಳೀಬ್ಯಾಡ್ರಿ. ಯಾರ ಕಣಾನೂ ತುಳ್ಯಾಕ ಬಿಡೂದಿಲ್ಲ ನಾ." ಅಕ್ಕ ಮಂಡಿಯೂರಿ ಚೆಲ್ಲಿದ ಕಾಳನ್ನು ಒಂದೊಂದಾಗಿ ಆರಿಸಿಕೊಂಡಳು. ಅವಳು ಆರಿಸಿ ಮುಗಿಸುವವರೆಗೂ ಅವ್ವ ಅಲ್ಲಿಂದ ಅಲುಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಮನೆಗೆ ಬಂದ. ಅವ್ವ ರೊಟ್ಟಿ ಬಡಿದು ಮುಂದಿಟ್ಟಳು. ಅಪ್ಪ ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡು ಕುಳಿತ. "ನನ್ನ ಕೈಲೆ ಆಗಲಿಲ್ಲವ್ವಾ" ಎಂದ, ಅಕ್ಕನಿಗೆ. ಅಕ್ಕ ನೀರಿನ ತಂಬಿಗೆಯನ್ನು ಅವನ ಹತ್ತಿರ ಸರಿಸಿದಳು. ಅಪ್ಪನ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. ಈಗ ಅವನ ವಯಸ್ಸನ್ನು ದಾಟಿ ಬಂದ ಮೇಲೆ ಸಿಟ್ಟಿಲ್ಲ, ಸಂಕಟ ಮಾತ್ರ ಉಳಿದಿದೆ.

ಮರುದಿನ ಸಂಜೆ ಖಾಲಾ ಹಿತ್ತಲ ಬಾಗಿಲಿಂದ ಬಂದಳು. ಸೆರಗಿನ ಗಂಟು ಬಿಚ್ಚಿ ಒಂದು ಪಾವು ಜೋಳ ಮೊರಕ್ಕೆ ಸುರಿದಳು. "ಇವತ್ತ ಲಾಭಾನೂ ನಮ್ಮ ಉಡಿಗೇ ಹಾಕಿದಾ ಬೇ, ಎಲ್ಲಾರಿಗೂ. ಬಾಯಿ ಮುಚ್ಚಿಕೊಂಡು ಹಾಕಿದಾ" ಅಂದಳು. ಅವಳ ಕಣ್ಣು ತುಂಬಿತ್ತು.

"ನಿನ್ನೆ ನಿನ್ನ ಬಾಯಿಗೆ ಏನಾಗಿತ್ತವಾ?" ಎಂದು ಅವ್ವ ಕೇಳಿದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯಬೇಕು ಅನ್ನುವ ಹಾಗೆ.

"ಅಂಜಿಕಿ ಬಂತು" ಅಂದಳು ಖಾಲಾ. ಇಬ್ಬರೂ ಆಮೇಲೆ ಬಹಳ ಹೊತ್ತು ಕೂಡಿ ಕುಳಿತರು. ಆ ಜೋಳವನ್ನು ನಾವು ಉಂಡೆವು. ಅಕ್ಕನ ಒಂದು ಸೇರಿನಿಂದ ಪೀಜು ಹುಟ್ಟಲಿಲ್ಲ, ಕಟ್ಟುವ ವಾರ ಹಾಗೇ ಕಳೆದುಹೋಯಿತು. ಆ ಸುಗ್ಗಿಯಲ್ಲಿ ಊರಿನ ಹೆಂಗಸರಿಗೆಲ್ಲ ಪೂರ್ತಿ ಕೂಲಿ ಸಿಕ್ಕಿತು, ಕೇಳಿದವಳ ಮನೆಗೆ ಬಿಟ್ಟು.

ಪರೀಕ್ಷೆಯ ದಿನ ಅಕ್ಕನ ಜೊತೆಯವರು ಒಗೆದ ಬಟ್ಟೆ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಒಂದೇ ಬಂಡಿಯಲ್ಲಿ ಕುಳಿತು ಬಬಲೇಶ್ವರಕ್ಕೆ ಹೊರಟರು. ನಾವಿಬ್ಬರೂ ದಾರಿಯಲ್ಲಿ ಸಗಣಿ ಆರಿಸುತ್ತಿದ್ದೆವು. "ಬರೂದಿಲ್ಲೇನ?" ಎಂದು ಒಬ್ಬಳು ಬಂಡಿಯಿಂದ ಕೂಗಿದಳು. "ಮುಂದಿನ ವರ್ಷ ಬರ್ತೀನಿ" ಎಂದು ಅಕ್ಕ ಕೈ ಬೀಸಿದಳು, ಸಗಣಿಯ ಕೈ. ಮುಂದಿನ ವರ್ಷ ಅವಳು ಗಂಡನ ಮನೆಯಲ್ಲಿದ್ದಳು. ಅಲ್ಲಿಯೂ ಬೇರೆಯವರ ಕಣದಲ್ಲಿ ತೆನೆ ಮುರಿದಳು, ಬಹಳ ಬೇಗ ತೀರಿಕೊಂಡಳು. ನೀವು ಅವಳನ್ನು ನೋಡಿಲ್ಲ.

ಈಗ ಟಿಕೋಟಾದ ನಮ್ಮ ಮನೆಯ ಬಾಗಿಲಿಗೇ ನಿಮ್ಮ ಸಾಲಿಯ ಗಾಡಿ ಬರುತ್ತದೆ. ಪರೀಕ್ಷೆ ಬಂತೆಂದರೆ ನಿಮಗೆ ಹೊಟ್ಟೆನೋವು, ತಲೆನೋವು, ಇಲ್ಲದ ನೋವುಗಳೆಲ್ಲ ಬರುತ್ತವೆ. ನಾನು ನಗುತ್ತೇನೆ. ನಕ್ಕು ಒಳಗೆ ಹೋಗುತ್ತೇನೆ. ನಿಮ್ಮ ಅವ್ವ ಟಂಟಂ ಆಟೋದಲ್ಲಿ ಒಣದ್ರಾಕ್ಷಿ ಆರಿಸುವ ಶೆಡ್ಡಿಗೆ ಹೋಗುತ್ತಾಳೆ. ಅವಳಿಗೆ ಯಾರೂ ಕೂಲಿಯನ್ನು ಉಡಿಗೆ ಸುರಿಯುವುದಿಲ್ಲ, ಮೊಬೈಲಿಗೆ ಬರುತ್ತದೆ. ದ್ರಾಕ್ಷಿಯಲ್ಲಿ ಕಡ್ಡಿ ಉಳಿದಿತ್ತು, ತೂಕ ಬರಲಿಲ್ಲ ಎಂದು ಹೇಳಿ ವಾರ ವಾರ ಕಡಿಮೆಯೇ ಬರುತ್ತಿತ್ತು. ಅವಳು ಮೊಬೈಲು ನೋಡಿ, ಅದನ್ನು ಬೋರಲು ಹಾಕಿ, ಒಲೆಯ ಕಡೆ ಹೋಗುವುದನ್ನು ನಾನು ನೋಡುತ್ತಲೇ ಇದ್ದೆ.

ಮೊನ್ನೆ ಅವಳು ಹೊತ್ತಿಗೆ ಮುಂಚೆ ಮನೆಗೆ ಬಂದಳಲ್ಲ. "ಇವತ್ತ ಯಾರೂ ಒಳಗ ಹೋಗಲಿಲ್ಲ ಅತ್ತಿ. ಮುರಕೊಂಡ ಪಗಾರ ಕೊಟ್ರಷ್ಟ ಕೈ ಹಚ್ಚತೀವಿ ಅಂತ ಎಲ್ಲಾರೂ ಬಾಗಿಲ ಮುಂದ ಕೂತ್ವಿ" ಅಂದಳು. ಮೊದಲು ಕೂತವರು ಯಾರು ಎಂದು ನಾನು ಕೇಳಿದೆ. "ಯಾರೋ ಒಬ್ಬಾಕಿ ಕೂತ್ಲು, ಬಾಜೂಕ ನಾವೂ ಕೂತ್ವಿ" ಎಂದು ಸಹಜವಾಗಿ ಹೇಳಿ ಕೈಕಾಲು ತೊಳೆಯಲು ಹೋದಳು. ಆ ದುಡ್ಡು ಇನ್ನೂ ಬಂದಿಲ್ಲ, ನಾಳೆಯೂ ಕೂರುತ್ತಾರಂತೆ. ನೀವು ಚಪ್ಪಾಳೆ ಹೊಡೆದಿರಿ. ನಾನು ಹಿತ್ತಲಿಗೆ ಹೋಗಿ ಅತ್ತೆ. ಖುಷಿಯ ಮಾತಿಗೆ ಅಜ್ಜಿ ಯಾಕೆ ಅಳುತ್ತಾಳೆ ಎಂದು ನೀವು ಕೇಳಿದಿರಿ, ಆಗ ನನಗೆ ಹೇಳಲು ಬಾಯಿ ಬರಲಿಲ್ಲ. ಅವತ್ತು ಆ ಕಣದಲ್ಲಿ ನನ್ನ ಅವ್ವನ ಬಾಜೂಕ ಯಾರಾದರೂ ಬಂದು ನಿಂತಿದ್ದರೆ, ನಮ್ಮ ಅಕ್ಕ ಪರೀಕ್ಷೆ ಬರೆಯುತ್ತಿದ್ದಳು.