ಸಭೆಯ ಕೋಟು

ಹೆಮ್ಮೆ ಪಾಪ ಎಂದು ಚಿಕ್ಕಂದಿನಿಂದ ಪ್ರತಿ ಭಾನುವಾರ ಕೇಳುತ್ತಾ ಬಂದಿದ್ದೇನೆ. ಆದರೂ ನನಗೊಂದು ಹೆಮ್ಮೆ ಇದೆ, ಅದೂ ನನ್ನದಲ್ಲದ ಒಂದು ಕೋಟಿನ ಬಗ್ಗೆ. ಎರಡು ಗುಂಡಿಯ ಕಪ್ಪು ಕೋಟು. ಸಿಂಧನೂರಿನ ನಮ್ಮ ಚಿಕ್ಕ ಚರ್ಚಿನ ಬೀರುವಿನಲ್ಲಿ ನುಸಿಗುಳಿಗೆಯ ವಾಸನೆಯ ನಡುವೆ ತೂಗುತ್ತಿರುತ್ತದೆ. ನಮ್ಮ ಸಭೆಯಲ್ಲಿ, ಅಂದರೆ ಈ ಚರ್ಚಿಗೆ ಸೇರಿದವರಲ್ಲಿ, ಮದುವೆಯಾಗುವ ಹುಡುಗ ಕೂಲಿಯವನಿರಲಿ, ರೈಸ್ ಮಿಲ್ಲಿನ ಮಾಲೀಕನ ಮಗನಿರಲಿ, ಅದನ್ನೇ ತೊಡಬೇಕು. ಮದುವೆ ಮುಗಿದ ಮೇಲೆ ಇಸ್ತ್ರಿ ಮಾಡಿಸಿ ಹಿಂತಿರುಗಿಸಬೇಕು.

ನಮ್ಮ ಜಿಲ್ಲೆಯ ಬಿಸಿಲಿಗೂ ಕೋಟಿಗೂ ಯಾವ ಸಂಬಂಧವೂ ಇಲ್ಲ. ಹಿಮ ಬೀಳುವ ನಾಡಿನಿಂದ ಬಂದ ಪಾದ್ರಿಗಳು ಶುಭವಾರ್ತೆಯ ಜೊತೆಗೆ ಅದನ್ನೂ ಇಲ್ಲಿ ಬಿಟ್ಟು ಹೋಗಿರಬೇಕು. ವಾರ್ತೆ ಈ ಮಣ್ಣಿಗೆ ಹೊಂದಿಕೊಂಡಿತು, ಕೋಟು ಇನ್ನೂ ಹೊಂದಿಕೊಂಡಿಲ್ಲ. ಮೇ ತಿಂಗಳಲ್ಲಿ ನಮ್ಮ ಮದುವೆಗೆ ಬಂದ ಪರಊರಿನವರು ವರನ ಮುಖ ನೋಡಿ ಪ್ರಮಾಣ ಮಾಡಲು ಹೆದರಿದ್ದಾನೆ ಎಂದುಕೊಳ್ಳುತ್ತಾರೆ. ಪಾಪ, ಅವನು ಬೇಯುತ್ತಿರುತ್ತಾನೆ ಅಷ್ಟೇ. ಆದರೂ ಕೋಟಿಲ್ಲದ ವರ ನಮ್ಮ ಜನರ ಕಣ್ಣಿಗೆ ವರನಲ್ಲ.

ಇದು ಗೊತ್ತಾದದ್ದು ಸಭೆಗೆ ಕೋಟು ಬರುವ ಮುಂಚೆ, ವಳಕಮದಿನ್ನಿಯ ಒಬ್ಬ ಕೂಲಿ ಹುಡುಗನ ಮದುವೆಯಲ್ಲಿ. ಅವನು ಬಿಳಿ ಅಂಗಿಯಲ್ಲಿ ನಿಂತಿದ್ದ. ಕೋಟು ತೊಟ್ಟು ಬಂದವನು ಹುಡುಗಿಯ ಸೋದರಮಾವ ಒಬ್ಬನೇ. ಯಾರೋ ಹಿರಿಯರು ಹಾರವನ್ನು ಆ ಸೋದರಮಾವನ ಕೊರಳಿಗೇ ಹಾಕಿಬಿಟ್ಟರು. ಎಲ್ಲರೂ ನಕ್ಕರು, ಹುಡುಗನೂ ನಕ್ಕ. ಅವನ ಆ ನಗು ನಮ್ಮ ಪಾಸ್ಟರರಿಗೆ ಚುಚ್ಚಿತು.

ಮುಂದಿನ ಭಾನುವಾರ ಅವರು ಸಭೆಯ ನವೀಕರಣ ಆಗಬೇಕು ಎಂದರು. ಪತ್ರಿಕೆಯ ಕೆಲಸದಲ್ಲಿ ತಲೆ ಹಣ್ಣಾದ ನಾನು ನವೀಕರಣ ಎಂಬ ಪದವನ್ನು ಬಸ್ ನಿಲ್ದಾಣಕ್ಕೂ ಲೈಸನ್ಸಿಗೂ ಬಿಟ್ಟು ಬೇರೆ ಯಾವುದಕ್ಕೂ ಬಳಸಿದವನಲ್ಲ. ಸಭೆಯವರೂ ನನ್ನಂಥವರೇ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಒಬ್ಬರು ಸಿಮೆಂಟಿಗೆ, ಒಬ್ಬರು ಟೈಲ್ಸಿಗೆ ಮಾತು ಕೊಟ್ಟಿದ್ದರು. ಹೊಸದಾಗಬೇಕಾದದ್ದು ಗೋಡೆಯಲ್ಲ, ನಾವು ಎಂದು ತಿಳಿಹೇಳಲು ಪಾಸ್ಟರರಿಗೆ ಇನ್ನೊಂದು ಭಾನುವಾರ ಹಿಡಿಯಿತು. ಇನ್ನು ಮೇಲೆ ಎಲ್ಲ ವರರಿಗೂ ಸಭೆಯದೇ ಒಂದು ಕೋಟು ಎಂದಾಯಿತು. ಸಿಮೆಂಟು ಕೊಡುತ್ತೇನೆಂದವರೇ ಕೊನೆಗೆ ಬಟ್ಟೆ ಕೊಟ್ಟರು. ಮಸ್ಕಿಯ ಟೇಲರ್ ಖಾಜಾಸಾಬರು ಕೋಟು ಹೊಲಿದರು. ದಪ್ಪಗಿನವನಿಗೆ ಬಿಚ್ಚಿ, ತೆಳ್ಳಗಿನವನಿಗೆ ಹಿಡಿದು ಕೊಡಲು ಅನುಕೂಲವಾಗಲೆಂದು ಹೊಲಿಗೆಗಳ ಒಳಗೆ ಧಾರಾಳ ಬಟ್ಟೆ ಬಿಟ್ಟರು. ನಮ್ಮ ಸಭೆ ನವೀಕರಣವಾದದ್ದು ಹೀಗೆ. ಗೋಡೆಗೆ ಈಗಲೂ ಹಳೆಯ ಸುಣ್ಣವೇ.

ಇಂಥ ಕೋಟಿಗೆ ಕುತ್ತು ಬಂದದ್ದು ನಮ್ಮ ಮನೆಯಿಂದಲೇ. ಅಣ್ಣನ ಮಗ ಸ್ಯಾಮುವೇಲ ಭತ್ತ ಕೊಯ್ಯುವ ಮಷೀನುಗಳ ಮೆಕ್ಯಾನಿಕ್. ಅವನಿಗೆ ಲಿಂಗಸುಗೂರಿನ ಎಸ್ತೇರಳ ಜೊತೆ ಮದುವೆ ಗೊತ್ತಾಯಿತು. ಹುಡುಗಿ ನರ್ಸ್. ತಂದೆ ದೇವದಾನ ಮಾಸ್ತರು ನಿವೃತ್ತ ಹೆಡ್‌ಮಾಸ್ತರು, ಸಂಡೇ ಸ್ಕೂಲಿಗೂ ಅವರೇ ಗುರುಗಳು. ಎಲ್ಲದಕ್ಕೂ ಒಪ್ಪಿದ ಅವರು ಕೋಟಿನ ವಿಷಯಕ್ಕೆ ಬಂದಾಗ ನಿಂತುಬಿಟ್ಟರು.

"ಮಂದಿ ತೊಟ್ಟು ಬಿಟ್ಟಿದ್ದನ್ನ ನನ್ನ ಅಳಿಯ ಹಾಕ್ಕೋಬೇಕೇನ್ರಿ? ಹೊಸಾದು ನಾನೇ ಹೊಲಿಸ್ತೀನಿ."

ಅಣ್ಣ ಹೂಂ ಎನ್ನುವುದರಲ್ಲಿದ್ದ. ನನಗೆ ಮಾತ್ರ ನಿದ್ದೆ ಕೆಟ್ಟಿತು. ಹಾರ ಕೈತಪ್ಪಿದ ಆ ವಳಕಮದಿನ್ನಿ ಹುಡುಗನ ತಮ್ಮನಿಗೆ ನಮ್ಮ ನಂತರವೇ ಮದುವೆ ಇತ್ತು. ಸ್ಯಾಮುವೇಲ ಹೊಸದು ತೊಟ್ಟರೆ ಬೀರುವಿನದು ಅಂದಿನಿಂದ ಇಲ್ಲದವರ ಕೋಟು. ಅದನ್ನು ತೊಟ್ಟು ಆ ತಮ್ಮ ನಿಂತರೆ, ಅಂಗಿಯಲ್ಲಿ ನಿಂತಿದ್ದ ತನ್ನ ಅಣ್ಣನಿಗಿಂತ ಅವನಿಗೇ ಹೆಚ್ಚು ಅವಮಾನ. ಇಷ್ಟನ್ನು ಮಾಸ್ತರಿಗೆ ಹೇಳಿ, ಒಮ್ಮೆ ಕಣ್ಣಿಂದ ನೋಡಿಯಾದರೂ ಹೋಗಿ ಎಂದು ಕೇಳಿಕೊಂಡೆ. ನಮಗೂ ಅವರಿಗೂ ನಡುವಿನ ಊರು ಮಸ್ಕಿ. ನಾನು ಸ್ಯಾಮುವೇಲನೊಡನೆ ಕೋಟು ತರುವುದು, ಖಾಜಾಸಾಬರ ಅಂಗಡಿಯಲ್ಲಿ ಎಲ್ಲರೂ ಸೇರುವುದು ಎಂದಾಯಿತು.

ಮಾಸ್ತರು ಮಗಳೊಡನೆ ಬಸ್ಸಿಳಿದರು. ಆ ಬಿಸಿಲಲ್ಲೂ ಮೈಮೇಲೆ ಬೂದು ಬಣ್ಣದ ಹಳೆಯ ಕೋಟು. ಹೆಡ್‌ಮಾಸ್ತರರಾದಾಗ ಹೊಲಿಸಿದ್ದಂತೆ. ಅಂಗಡಿಯಲ್ಲಿ ಕೂತು ಮತ್ತೆ ಅದೇ ಮಾತು ತೆಗೆದರು. ಆಗ ಎಸ್ತೇರ ಮೆಲ್ಲಗೆ ಕೇಳಿದಳು:

"ಅಪ್ಪಾ, ನಿಮ್ಮ ಸಾಲ್ಯಾಗ ಹುಡುಗರು ಬದಲಿ ಆದಂಗೆಲ್ಲ ಬೆಂಚ್ ಹೊಸಾವು ಮಾಡಸ್ತಿದ್ರೇನು?"

ಮಾಸ್ತರು ಕನ್ನಡಕ ಒರೆಸಿಕೊಂಡರು. ಒರೆಸಿ ಮುಗಿದ ಮೇಲೂ ಒರೆಸುತ್ತಿದ್ದರು. ಆಮೇಲೆ, ಆತು, ತೊಡಿಸ್ರಿ ನೋಡೂಣು ಎಂದರು.

ಗೆದ್ದೆವು ಎಂದು ನಾನಂದುಕೊಳ್ಳುವಷ್ಟರಲ್ಲಿ ಕೋಟೇ ಕೈಕೊಟ್ಟಿತು. ಗುಂಡಿ ಅದರ ಮನೆಯ ಹತ್ತಿರಕ್ಕೂ ಬರಲಿಲ್ಲ. ಖಾಜಾಸಾಬರು ಸ್ಯಾಮುವೇಲನ ಬೆನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನಪಾ, ಮಷೀನ್ ರಿಪೇರಿ ಮಾಡ್ತೀಯೋ, ಹೊತ್ಕೊಂಡು ತಿರಗ್ತೀಯೋ?"

ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಹಿಂದಿನ ವರರಿಗೇ ಬಿಚ್ಚಿ ಮುಗಿದಿತ್ತು. ನಡುಬೆನ್ನಿಗೆ ಒಂದು ಪಟ್ಟಿ ಕೂಡಿಸಬಹುದು, ಆದರೆ ಹೊಸ ಬಟ್ಟೆ ಬೇಡ, ತೊಳೆದ ಮೇಲೆ ಅದು ಕುಗ್ಗಿ ಹಳೆಯದನ್ನು ಜಗ್ಗುತ್ತದೆ ಎಂದರು ಖಾಜಾಸಾಬರು. ಹಳೆಯ ಬಟ್ಟೆಗೆ ಹೊಸ ತೇಪೆ ಸಲ್ಲದೆಂಬ ಬೈಬಲಿನ ಉಪದೇಶವನ್ನು ನಾನು ಗುರುವಿನ ಮಾತೆಂದು ಕೇಳಿದ್ದೆನೇ ಹೊರತು ಹೊಲಿಗೆಯ ಮಾತೆಂದು ಯೋಚಿಸಿರಲಿಲ್ಲ. ಅದನ್ನು ಸಂಡೇ ಸ್ಕೂಲಿನಲ್ಲಿ ವರ್ಷವರ್ಷವೂ ಹೇಳಿಕೊಟ್ಟವರು ಎದುರಿಗೇ ಕೂತಿದ್ದರು. ಖಾಜಾಸಾಬರ ಕಣ್ಣು ಅವರ ಬೂದು ಕೋಟಿನ ಮೇಲೆ ನಿಂತಿತು.

ಈಗ ಮಾಸ್ತರಿಗೆ ದಾರಿ ಸುಲಭವಿತ್ತು. ಕೋಟು ಆಗುತ್ತಿಲ್ಲ, ಹೊಸದು ಹೊಲಿಯಿರಿ ಎಂದರೆ ತಪ್ಪು ಹೊರಿಸುವವರು ಯಾರೂ ಇರಲಿಲ್ಲ. ಅವರು ಎದ್ದು ನಿಂತರು. ಜೇಬುಗಳಿಂದ ಪೆನ್ನು, ಕರವಸ್ತ್ರ, ಬಸ್ಸಿನ ಟಿಕೆಟ್ ತೆಗೆದು ಮಗಳ ಕೈಗೆ ಕೊಟ್ಟರು. ಕೋಟು ಕಳಚಿ, ಒಮ್ಮೆ ಕೊಡವಿ, ಹೊಲಿಗೆ ಮಷೀನಿನ ಮೇಲಿಟ್ಟರು.

"ಕತ್ತರಿ ಹಾಕ್ರಿ, ಸಾಬ್ರೆ."

ಕೋಟಿಲ್ಲದ ಮಾಸ್ತರು ಸಣ್ಣಗೆ ಕಂಡರು. ಎಸ್ತೇರ ಟಿಕೆಟನ್ನು ಮಡಚಿ ಬಿಚ್ಚಿ ಮಾಡುತ್ತಾ ರಸ್ತೆಯ ಕಡೆ ನೋಡುತ್ತಿದ್ದಳು.

ಚರ್ಚಿನ ಮದುವೆಯಲ್ಲಿ ವಧೂವರರು ಪಾಸ್ಟರರ ಕಡೆ ಮುಖ ಮಾಡಿ, ಜನರಿಗೆ ಬೆನ್ನು ಹಾಕಿ ನಿಲ್ಲುತ್ತಾರೆ ಎಂಬುದು ನನಗೆ ನೆನಪಾದದ್ದು ಮದುವೆಯ ದಿನವೇ. ಸಿಂಧನೂರು, ತುರ್ವಿಹಾಳ, ಲಿಂಗಸುಗೂರುಗಳಿಂದ ಬಂದ ಅಷ್ಟೂ ಜನ ಕಪ್ಪು ಬೆನ್ನಿನ ನಡುವೆ ಇಳಿದ ಆ ಬೂದು ಪಟ್ಟಿಯನ್ನೇ ನೋಡಿಕೊಂಡು ಕೂತರು. ವಳಕಮದಿನ್ನಿಯ ಅಣ್ಣತಮ್ಮಂದಿರೂ ಇದ್ದರು. ತಮ್ಮ ಸಣಕಲು ಹುಡುಗ. ಅವನಿಗೆ ಪಟ್ಟಿ ಬೇಕಾಗಿರಲಿಲ್ಲ. ಮುಂದೆ ಅವನ ಮದುವೆಗೆ, ಬಿಚ್ಚಿ ಕೊಡಲೇ ಎಂದು ಖಾಜಾಸಾಬರು ಕೇಳಿದ್ದಕ್ಕೆ, ಇರಲಿ, ಎರಡೂ ಕಡೆ ಹಿಡೀರಿ ಎಂದನಂತೆ.

ಊಟದ ಹೊತ್ತಿಗೆ ಲಿಂಗಸುಗೂರಿನ ನೆಂಟರೊಬ್ಬರು ದೇವದಾನ ಮಾಸ್ತರನ್ನು ಪಕ್ಕಕ್ಕೆ ಕರೆದು, ಅಳಿಯನ ಕೋಟಿಗೆ ತೇಪೆ ಯಾಕೆ ಎಂದು ಪಿಸುಗುಟ್ಟಿದರು. ಮಾಸ್ತರು ಅನ್ನದ ತಟ್ಟೆಯನ್ನು ಎಡಗೈಗೆ ಬದಲಿಸಿ, ಪಾಠ ಹೇಳುವ ದನಿಯಲ್ಲಿ, ಕೊನೆಯ ಸಾಲಿಗೂ ಕೇಳುವಂತೆ ಉತ್ತರಿಸಿದರು.

"ತೇಪಿ ಅಲ್ಲೋ ಅದು. ನಾನು."