ಬೈಂಡು ಹಾಕಿದ ಬಟ್ಟೆ ಪುಸ್ತಕ

ಗಂಗೊಳ್ಳಿಯಲ್ಲಿ ನಾನು ಅಣಕಿಸದ ದನಿಯಿಲ್ಲ. ಮೀನು ಮಾರುವವರು, ಬಸ್ಸಿನ ಕಂಡಕ್ಟರ್, ಬೋಟಿನ ಇಂಜಿನ್, ಫೋನಿನಲ್ಲಿ ಕೆಮ್ಮುವ ದೊಡ್ಡ ಮನುಷ್ಯ, ಯಾರನ್ನೂ ಬಿಟ್ಟಿಲ್ಲ. ಅಕ್ಕನ ಮಗಳು ಮಾತ್ರ ನನ್ನ ಅಣಕಕ್ಕೆ ಸಿಕ್ಕಿರಲಿಲ್ಲ. ಏಳು ತುಂಬುತ್ತ ಬಂದರೂ ಅವಳ ಬಾಯಲ್ಲಿ ನಾಲ್ಕೈದು ಮಾತುಗಳಷ್ಟೇ ಇದ್ದವು.

ಅವಳ ಹುಟ್ಟುಹಬ್ಬಕ್ಕೆ ಕುಂದಾಪುರದಿಂದ ಪುಸ್ತಕ ತರುವವನು ನಾನು. ಹಿಂಬದಿಯಲ್ಲಿ ಅಚ್ಚಾದ ವಯಸ್ಸು ನೋಡಿ ಆರಿಸುತ್ತಿದ್ದೆ. ಐದಕ್ಕೆ ಐದರದ್ದು, ಆರಕ್ಕೆ ಆರರದ್ದು. ಅವಳು ಅಂಚು ಕಚ್ಚುತ್ತಿದ್ದಳು. ನಾನು ಕಥೆಯ ರಾಜನಿಗೆ ಕಂಡಕ್ಟರನ ದನಿ ಕೊಟ್ಟರೆ ನನ್ನ ಮುಖ ನೋಡಿ ನಗುತ್ತಿದ್ದಳು. "ಕಥೆ ಪೂರಾ ಅರ್ಥ ಆಯ್ತ್ ಅಕ್ಕ" ಎಂದು ನಾನು ವರದಿ ಒಪ್ಪಿಸುತ್ತಿದ್ದೆ. ಆ ಸುಳ್ಳಿಗೆ ಬೇರೆಯವರ ದನಿ ಬೇಕಾಗಲಿಲ್ಲ, ನನ್ನದೇ ಸಾಕಾಯಿತು.

ಈ ಸಲ ಮೇ ಕೊನೆಯಲ್ಲಿ ಅಂಗಡಿಯವರು ಕೇಳಿದರು. "ಹ್ವಾಯ್, ಎಷ್ಟ್ ವರ್ಷದ್ ಮಕ್ಳಿಗೆ?"

"ಏಳು."

"ವರ್ಷ ಬಿಡಿ. ಮಗು ಎಂತೆಲ್ಲ ಮಾಡತ್ತ್?"

ಅದನ್ನು ನನ್ನಲ್ಲಿ ಯಾರೂ ಕೇಳಿರಲಿಲ್ಲ. "ಚಿತ್ರ ಮುಟ್ಟತ್ತ್. ಕಚ್ಚತ್ತ್. ಮೀನ್ ಕಂಡ್ರೆ ಕೈ ತಟ್ಟತ್ತ್."

ಅವರು ಕಪಾಟಿನ ಕೆಳಸಾಲಿನಿಂದ ಬಟ್ಟೆಯ ಪುಸ್ತಕವೊಂದನ್ನು ತೆಗೆದುಕೊಟ್ಟರು. ಪುಟಕ್ಕೊಂದೇ ಚಿತ್ರ. ಹಿಂಬದಿಯಲ್ಲಿ 'ಒಂದರಿಂದ ಎರಡು ವರ್ಷ' ಎಂದಿತ್ತು.

ಮನೆಗೆ ಬಂದಾಗ ಅಕ್ಕ ಎರಡನೇ ತರಗತಿಯ ಪಠ್ಯಪುಸ್ತಕಗಳಿಗೆ ಕಂದು ಕಾಗದದ ಬೈಂಡು ಹಾಕುತ್ತಿದ್ದಳು. ನನ್ನ ಕೈಯಲ್ಲಿದ್ದುದನ್ನು ತಿರುಗಿಸಿ ನೋಡಿದಳು.

"ಇದ್ ಸಣ್ಣ್ ಶಿಶುಗಳ್ದ್ ಅಲ್ದಾ? ನಿನ್ನ್ ಮಂಡೆ ಸಮ ಇತ್ತಾ?"

"ಅಕ್ಕಾ, ನಾನ್ ತಂದ ಒಂದ್ ಪುಸ್ತಕವೂ ಅದ್ಕೆ ಅರ್ಥ ಆಯ್ಲಿಲ್ಲ. ನಾನ್ ಸುಳ್ಳ್ ಹೇಳಿದ್ದ್."

ಬೈಯುತ್ತಾಳೆಂದು ಕಾದೆ. ಅವಳು ಕಾಗದದ ಮಡಿಕೆಯ ಮೇಲೆ ಉಗುರೆಳೆಯುತ್ತಲೇ ಇದ್ದಳು.

"ನಂಗೂ ಗೊತ್ತಿತ್ತ್ ಮಾರಾಯ. ನೀ ಹೇಳೂದ್ ಕೇಂಬುಕೆ ಚಂದ ಇದ್ದಿತ್ತ್."

ಊರಿಡೀ ನಗಿಸುವವನಿಗೆ ತನ್ನ ಅಕ್ಕನ ಮುಖ ನೋಡಲು ಆಗಲಿಲ್ಲ.

ಅವಳು ಉಳಿದ ಕಾಗದವನ್ನು ಕತ್ತರಿಸಿ ಆ ಬಟ್ಟೆ ಪುಸ್ತಕಕ್ಕೂ ಬೈಂಡು ಹಾಕಿದಳು. ಮೆತ್ತಗಿನ ಪುಸ್ತಕ, ಮಡಿಕೆ ನಿಲ್ಲದು. ಗೋಂದು ಹಚ್ಚಿ ಹಚ್ಚಿ ನಿಲ್ಲಿಸಿದಳು. ಲೇಬಲ್ ಅಂಟಿಸಿ ಮಗಳ ಹೆಸರು, ಕೆಳಗೆ 'ಎರಡನೇ ತರಗತಿ' ಎಂದು ಬರೆದಳು. "ಆಚೆಮನೆಯವ್ರ್ ಕಂಡ್ರೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಹುಡುಗಿ ಅದನ್ನು ತೆಗೆದುಕೊಂಡವಳೇ ಬೈಂಡನ್ನು ಪರಪರ ಹರಿದಳು. ಒಳಗೆ ಕೆಂಪು ಮೀನು. ಕೈ ತಟ್ಟಿದಳು. ನಾನು ಮೀನು ಮಾರುವವರ ದನಿ ತೆಗೆಯಲು ಬಾಯಿ ತೆರೆದೆ. ಅವಳು ತನ್ನ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಕಣ್ಣು ಮೀನಿನ ಮೇಲೆಯೇ ಇತ್ತು. ಏಳು ವರ್ಷದಲ್ಲಿ ಮೊದಲ ಸಲ ಅವಳಿಗೆ ನಾನು ಬೇಕಾಗಿರಲಿಲ್ಲ, ಪುಸ್ತಕ ಬೇಕಿತ್ತು.

ಅಕ್ಕ ಹರಿದ ಚೂರುಗಳನ್ನು ಹೆಕ್ಕಿದಳು. ಲೇಬಲನ್ನು ಮಾತ್ರ ಹುಷಾರಾಗಿ ಬಿಡಿಸಿಕೊಂಡು, ಎಲ್ಲಿ ಅಂಟಿಸುವುದೆಂದು ತಿಳಿಯದೆ, ಬೆರಳ ತುದಿಯಲ್ಲೇ ಹಿಡಿದು ಕುಳಿತಳು.