ರಬ್ಬರ್ ಕೊಳವೆಯ ಬಿರುಕು

ಊರಿನವರು ಅವನಿಗಿಟ್ಟ ಹೆಸರು ನಿಧಾನಪ್ಪ. ಒಂದು ನಟ್ಟು ಬಿಗಿಯಲು ಮೂರು ಸಲ ಕನ್ನಡಕ ಒರೆಸಿಕೊಳ್ಳುವ ಮೆಕ್ಯಾನಿಕ್ಕಿಗೆ ಬೇರೆ ಯಾವ ಹೆಸರು ಒಪ್ಪೀತು ಹೇಳಿ! ಹೆಂಡತಿ ತದ್ವಿರುದ್ಧ. ಐವತ್ತೆರಡರ ಹೆಂಗಸು, ನಾಲ್ಕು ದಪ್ಪ ಚಕ್ರದ ರೇಸ್ ಗಾಡಿ ಹತ್ತಿ ಮರಳುದಿಬ್ಬ ಹಾರಿಸುತ್ತಿದ್ದಳು. ಹೆಬ್ಬೆರಳಲ್ಲಿ ಒತ್ತಿದರೆ ಓಡುವ, ಬಿಟ್ಟರೆ ವೇಗ ಇಳಿಯುವ ಗಾಡಿ ಅದು.

ಆರು ತಿಂಗಳ ಹಿಂದೆ ದಿಬ್ಬದಿಂದ ಉರುಳಿ ಅವಳ ಭುಜ ಮುರಿಯಿತು. ಭುಜವೇನೋ ಕೂಡಿಕೊಂಡಿತು, ಧೈರ್ಯ ಮಾತ್ರ ಮರಳಲಿಲ್ಲ. "ಬೆರಳು ಬಿಡಬೇಕಾದಾಗ ಬಿಡಲಿಲ್ಲ ರೀ. ವಯಸ್ಸಾಯ್ತು, ಸಾಕು. ಮಾರಿಬಿಡೋಣ," ಎಂದಳು. ಕೊಳ್ಳುವವರು ಆ ಸಂಜೆ ಬರುವವರಿದ್ದರು. ಅದಕ್ಕೇ ನಿಧಾನಪ್ಪ ಬೆಳಿಗ್ಗೆಯಿಂದ ಪೆಟ್ರೋಲಿಗೆ ಗಾಳಿ ಬೆರೆಸುವ ಹೊಸ ಕಾರ್ಬುರೇಟರು ಕೂರಿಸುತ್ತಿದ್ದ. ಗಾಡಿಯ ಕಂಪನಿಯದಲ್ಲ, ಹೊರಗಿನವರು ಮಾಡಿದ್ದು, ಬಾಯಿ ತುಸು ದೊಡ್ಡದು. ಅದನ್ನು ಇಂಜಿನ್ನಿಗೆ ಜೋಡಿಸುವ ರಬ್ಬರ್ ಕೊಳವೆಯೂ ಹೊಸದೇ.

ಹಳೆಯ ಕೊಳವೆ ಬಿಚ್ಚುವಾಗ ತಾನೇ ಸುತ್ತಿದ್ದ ಕಪ್ಪು ಟೇಪು ಕೈಗೆ ಅಂಟಿತು. ಅದರಡಿ ಬೆರಳುದ್ದದ ಬಿರುಕು. ಅವಳು ಉರುಳಿಬಿದ್ದ ದಿನ ಬೆಳಿಗ್ಗೆ ಹೊಸ ಕೊಳವೆ ಸಿಕ್ಕಿರಲಿಲ್ಲ, ಒಂದು ದಿನದ ಮಟ್ಟಿಗೆ ತಾನೇ ಎಂದು ಟೇಪು ಸುತ್ತಿ ಕೊಟ್ಟಿದ್ದ. ಬಿರುಕಿನಿಂದ ಗಾಳಿ ನುಗ್ಗಿದರೆ ಬೆರಳು ಬಿಟ್ಟರೂ ಇಂಜಿನ್ನಿನ ವೇಗ ಇಳಿಯುವುದಿಲ್ಲ. ಆಸ್ಪತ್ರೆಯಲ್ಲೇ ಹೇಳಿಬಿಡಬೇಕೆಂದುಕೊಂಡವನು ನಾಳೆಗೆ ಮುಂದೂಡಿದ. ದಿನ ಕಳೆದಷ್ಟೂ ಕಷ್ಟವಾಯಿತು. ನಿಧಾನ ಅಂದರೆ ಇಷ್ಟು ನಿಧಾನವೇ, ಪುಣ್ಯಾತ್ಮ!

ಹೊಸ ಕೊಳವೆಯ ಕ್ಲ್ಯಾಂಪು ಬಿಗಿದ. ಕೇಬಲ್ಲು, ಪೆಟ್ರೋಲ್ ಪೈಪು ಸಿಕ್ಕಿಸಿದ. ಇಂಜಿನ್ ಚಾಲೂ ಮಾಡಿ ಕೊಳವೆಯ ಸುತ್ತ ಸೋಪಿನ ನೀರು ಚಿಮುಕಿಸಿದ. ಎಲ್ಲಾದರೂ ಸಂದಿಯಿದ್ದರೆ ಸದ್ದು ಬದಲಾಗಬೇಕು. ಬದಲಾಗಲಿಲ್ಲ. ಮತ್ತೆ ಚಿಮುಕಿಸಿದ, ಮತ್ತೊಮ್ಮೆ ಚಿಮುಕಿಸಿದ.

"ಏನ್ರೀ, ಗಾಡಿಗೆ ಸ್ನಾನ ಮಾಡಿಸ್ತಿದ್ದೀರಾ?" ಬಾಗಿಲಲ್ಲಿ ನಿಂತು ಹೆಂಡತಿ ನಕ್ಕಳು. "ಮಾರೋ ಗಾಡಿಗೆ ಇಷ್ಟೊಂದು ಉಪಚಾರ ಯಾಕೆ?"

ಅವನು ಇಂಜಿನ್ ಆರಿಸಿದ. ಹಳೆಯ ಕೊಳವೆಯನ್ನು ಅವಳ ಅಂಗೈಯಲ್ಲಿಟ್ಟ. "ನಿನ್ನ ಬೆರಳು ಸರಿಯಾಗೇ ಬಿಟ್ಟಿತ್ತು ಕಣೇ. ಇದು ಒಡೆದಿತ್ತು. ಗೊತ್ತಿದ್ದೂ ಟೇಪು ಸುತ್ತಿ ಕೊಟ್ಟೆ. ಆಮೇಲೆ ಹೇಳೋಕೆ ಹೆದರಿಕೊಂಡೆ."

ಅವಳು ಟೇಪು ಬಿಡಿಸಿ ನೋಡಿದಳು. "ಸುತ್ತಿದ್ದು ಹಾಳಾಗಿ ಹೋಗ್ಲಿ. ಆರು ತಿಂಗಳು ನಾನು ಕೈಲಾಗದವಳು ಅಂತ ಕೊರಗ್ತಾ ಕೂತಿದ್ದೆನಲ್ಲ, ಎದುರಿಗೇ ಇದ್ರಲ್ಲ ನೀವು!"

ಅವಳು ಕೊಳವೆಯನ್ನು ಮೂಲೆಗೆಸೆದು ಹೆಲ್ಮೆಟ್ ತೊಟ್ಟಳು. "ಕೊಳ್ಳೋರು ಬಂದ್ರೆ ನೀವೇ ಉತ್ತರ ಹೇಳ್ಕೊಳ್ಳಿ," ಎಂದು ಗಾಡಿ ಹತ್ತಿ, ಸಿಟ್ಟಿನಲ್ಲೇ ಹೊರಟಳು.

ಮನೆಯ ಹಿಂದಿನ ದಿಬ್ಬ ಏರುವ ಸದ್ದು ಕೇಳಿಸಿತು. ನಿಧಾನಪ್ಪ ಕಿವಿಗೊಟ್ಟು ನಿಂತ. ತುದಿಯಲ್ಲಿ ಅವಳು ಬೆರಳು ಬಿಟ್ಟಳು, ಇಂಜಿನ್ನಿನ ಸದ್ದು ಆ ಕ್ಷಣವೇ ಇಳಿಯಿತು. ಮತ್ತೆ ಒತ್ತಿದಳು, ಮತ್ತೆ ಬಿಟ್ಟಳು. ಅಲ್ಲೇ ನಿಂತು ಇನ್ನೊಮ್ಮೆ, ಮತ್ತೊಮ್ಮೆ, ಅವನಿಗೆ ಕೇಳಲೆಂದೇ. ನಿಧಾನಪ್ಪ ಮೆಟ್ಟಿಲ ಮೇಲೆ ಕುಸಿದು, ಎಣ್ಣೆಗೈಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.